ಹಿಟ್ಟಿನ ಗಿರಣಿಯ ಮಗ್ಗುಲಿನ ಮನೆ

ಮೂವತ್ತು ದಾಟುವವರೆಗೆ ನನ್ನ ಅವ್ವ ಯಾವ ಮನೆಯನ್ನೂ ತಾನಾಗಿ ಆರಿಸಿಕೊಂಡವಳಲ್ಲ. ಹುಟ್ಟಿದ್ದು ಕನಕಗಿರಿಯಲ್ಲಿ, ಅವರಪ್ಪನ ಮನೆಯಲ್ಲಿ. ಕೊಟ್ಟಿದ್ದು ಯಲಬುರ್ಗಾ ಕಡೆಯ ಬೇವೂರಿಗೆ. ಒಂದು ಗೂಡಿನಿಂದ ತೆಗೆದು ಇನ್ನೊಂದರಲ್ಲಿ ಎತ್ತಿಟ್ಟ ಹಾಗೆ ಬಂದಿದ್ದಳು. ಅಂಥವಳು, ಭಾಷೆ ಬಾರದ ದೇಶದಲ್ಲಿ, ಗಂಡ ಹಿಡಿದುಕೊಟ್ಟ ಮನೆಯನ್ನು ಬಿಟ್ಟು, ತಾನೇ ಹಿಡಿದ ಮನೆಯನ್ನೂ ಬಿಟ್ಟು, ಮೂರನೆಯದೊಂದನ್ನು ಹುಡುಕಿಕೊಂಡು ಹೊರಟಳು. ನಾನಾಗ ಹನ್ನೊಂದು ಹನ್ನೆರಡರ ಹುಡುಗಿ. ಈಗ ಗಂಗಾವತಿಯಲ್ಲಿ ನನ್ನ ಮಕ್ಕಳನ್ನು ಕಟ್ಟಿಕೊಂಡು ಬಾಡಿಗೆ ಮನೆ ನೋಡಲು ಹೋದರೆ ಮಾಲೀಕರು ಮಾರ್ಬಲ್ಲಿನ ನೆಲ ತೋರಿಸುತ್ತಿರುತ್ತಾರೆ, ನಾನು ಬಾಗಿಲಲ್ಲೇ ನಿಂತು ಇನ್ನೇನನ್ನೋ ನೋಡುತ್ತಿರುತ್ತೇನೆ. ಈ ಮನೆಯಿಂದ ಯಾರು ಎಷ್ಟು ದೂರ ಹೋಗಬೇಕಾಗುತ್ತದೆ, ಸಂಜೆಗೆ ಯಾರು ತಿರುಗಿ ಬರುತ್ತಾರೆ ಎಂಬ ಲೆಕ್ಕ ಅದು. ಆ ನೋಟ ನನಗೆ ಬಂದದ್ದು ಅವ್ವನಿಂದ.

ಬೇವೂರಿನ ಮನೆ ಮಣ್ಣಿನ ಮಾಳಿಗೆಯದು. ತಲಬಾಗಿಲು ದಾಟಿದರೆ ಮೊದಲು ಎತ್ತು, ಎಮ್ಮೆ ಕಟ್ಟುವ ತಗ್ಗು, ಅದರಿಂದ ಮೊಣಕಾಲೆತ್ತರಕ್ಕೆ ಪಡಸಾಲೆ, ಅದರ ಹಿಂದೆ ಕಿಟಕಿಯಿಲ್ಲದ ಅಡುಗೆಮನೆ. ಮಾಳಿಗೆಯ ಬೆಳಕಿಂಡಿಯಿಂದ ಒಂದು ಕೋಲು ಬಿಸಿಲು ಇಳಿದು, ಹೊತ್ತು ಏರಿದ ಹಾಗೆ ಒಲೆಯಿಂದ ಬೀಸುಕಲ್ಲಿನ ಕಡೆಗೆ ಸರಿಯುತ್ತಿತ್ತು. ಅಪ್ಪನ ತಾಯಿ, ನಮ್ಮ ಆಯಿ, ಆ ಬಿಸಿಲನ್ನು ನೋಡಿಯೇ ಹೊಲಕ್ಕೆ ಬುತ್ತಿ ಕಟ್ಟುವ ಹೊತ್ತಾಯಿತೆಂದು ಕೂಗುತ್ತಿದ್ದಳು. ಆ ಮನೆಯಲ್ಲಿ ಯಾರು ರೊಟ್ಟಿ ಬಡಿಯಬೇಕು, ಯಾರು ಕಳೆ ತೆಗೆಯಲು ಹೋಗಬೇಕು, ಪುಂಡಿಪಲ್ಯಕ್ಕೆ ಎಷ್ಟು ಎಣ್ಣೆ, ಎಲ್ಲವೂ ಆಯಿಯ ಬಾಯಿಂದಲೇ ಬರಬೇಕು. ಗಂಡಸರು ಪಡಸಾಲೆಯಲ್ಲಿ ಉಂಡು ಎದ್ದ ಮೇಲೆ ನಾವು ಹುಡುಗರು, ನಮ್ಮ ನಂತರ ದೊಡ್ಡವ್ವ ಮತ್ತು ಅವ್ವ. ದೊಡ್ಡಪ್ಪನ ಹೆಂಡತಿಯಾದ ದೊಡ್ಡವ್ವ ಕೆಟ್ಟವಳೇನಲ್ಲ. ಆದರೂ ಅವಳಿಗೂ ಅವ್ವನಿಗೂ ಒಮ್ಮೆ ಗೋಡೆಯ ಒಂದು ಗೂಡಿನ ಸಲುವಾಗಿ ಜಗಳವಾಯಿತು. ಅವ್ವ ತನ್ನ ಬಾಚಣಿಗೆ, ಕುಂಕುಮದ ಭರಣಿ ಇಡಲು ಒಂದು ಗೂಡು ಕೇಳಿದ್ದಳು. ದೊಡ್ಡವ್ವ ಅದರಲ್ಲಿ ಚಿಮಣಿ ದೀಪ ಇಡುತ್ತಿದ್ದಳು. ಎರಡು ದಿನ ಇಬ್ಬರೂ ಒಂದೇ ಒಲೆಯ ಮುಂದೆ ಮಾತಿಲ್ಲದೆ ಕೂತರು. ಮೂರನೆಯ ದಿನ ಆಯಿ ಆ ಗೂಡಿನಲ್ಲಿ ತನ್ನ ಅಡಕೆ ಎಲೆಯ ಚೀಲ ಇಟ್ಟು ವ್ಯಾಜ್ಯ ಮುಗಿಸಿದಳು.

ಅಪ್ಪ ಆ ಮನೆಯಲ್ಲಿ ಶನಿವಾರದ ಮನುಷ್ಯ. ಅವನಿಗೆ ಬೀಜದ ಕಂಪನಿಯೊಂದರಲ್ಲಿ ಕೆಲಸ. ಕುಷ್ಟಗಿ ಸುತ್ತಿನ ಹೊಲಗಳಲ್ಲಿ ಟೊಮ್ಯಾಟೊ, ಮೆಣಸಿನಕಾಯಿ ಹೂಗಳನ್ನು ಕೈಯಿಂದಲೇ ಕೂಡಿಸಿ ಹೈಬ್ರಿಡ್ ಬೀಜ ಮಾಡುತ್ತಾರಲ್ಲ, ಅದನ್ನು ರೈತರಿಗೂ ಆಳುಗಳಿಗೂ ಕಲಿಸಿ, ತಿರುಗಾಡಿ ನೋಡಿಕೊಳ್ಳುವ ಕೆಲಸ. ಕುಷ್ಟಗಿಯಲ್ಲೇ ಒಂದು ಖೋಲಿ ಮಾಡಿಕೊಂಡಿದ್ದ. ಶನಿವಾರ ಸಂಜೆ ಅವನ ಮೋಟಾರ್ ಸೈಕಲ್ಲಿನ ಸಪ್ಪಳ ಕೇಳಿದರೆ ನಾನೂ ತಮ್ಮ ಶರಣೂ ಬೀದಿಗೆ ಓಡುತ್ತಿದ್ದೆವು. ಮಿರ್ಚಿಯ ಎಣ್ಣೆ ಹೀರಿದ ಕಾಗದದ ಪೊಟ್ಟಣ ಮೊದಲು ಆಯಿಯ ಕೈಗೆ, ಆಮೇಲೆ ನಮಗೆ. ಸೋಮವಾರ ನಾವು ಏಳುವುದರೊಳಗೆ ಅವನು ಇರುತ್ತಿರಲಿಲ್ಲ. ಹೀಗಿರುವಾಗ ಕಂಪನಿಯವರು ಅವನನ್ನು ಆಫ್ರಿಕಾದ ತಾಂಜಾನಿಯಾಕ್ಕೆ ಕಳಿಸುತ್ತೇವೆ ಎಂದರು. ಅಲ್ಲಿ ಅರುಷಾ ಎಂಬ ಊರಿನ ಹತ್ತಿರ ಅವರದೊಂದು ಬೀಜದ ತೋಟವಿತ್ತು. ಸುದ್ದಿ ಕೇಳಿ ಆಯಿ ಮೊದಲು ಕೇಳಿದ್ದು ಇಷ್ಟು.

“ಅದು ಯಾವ ತಾಲೂಕಿನಾಗ ಬರ್ತೈತೋ ಮಲ್ಲಪ್ಪಾ?”

“ತಾಲೂಕಲ್ಲಬೇ, ದೇಶ. ಸಮುದ್ರದ ಆಚಿ ದಂಡಿಗೆ ಐತಿ.”

“ಶನಿವಾರ ಬರಾಕ ಆಗಂಗಿಲ್ಲ ಹಂಗಾರ,” ಅಂದಳು ಆಯಿ. ಅಷ್ಟನ್ನು ಮಾತ್ರ ಅವಳು ಅಳೆದು ನೋಡಿದ್ದಳು, ಅಳತೆ ಸರಿಯಾಗಿಯೇ ಇತ್ತು.

ಅಪ್ಪ ಹೋಗಿ ವರ್ಷವಾದ ಮೇಲೆ ರಜೆಗೆ ಬಂದ. ಕುಟುಂಬವನ್ನು ಕರೆದುಕೊಂಡು ಬರಲು ಕಂಪನಿಯವರು ಒಪ್ಪಿದ್ದಾರೆ ಎಂದ. ಆ ಸಂಜೆ ಪಡಸಾಲೆಯಲ್ಲಿ ಪಂಚಾಯಿತಿಯೇ ಕೂಡಿತು. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಮೇಲೆ ಅಂಗೈ ಬೀಳುವ ಸಪ್ಪಳ ಮಾತಿನ ನಡುನಡುವೆ ಕೇಳುತ್ತಿತ್ತು.

“ಕೊಪ್ಪಳದಾಗ ಒಂದು ಖೋಲಿ ಮಾಡೂಣು,” ಅಂದ ದೊಡ್ಡಪ್ಪ. “ಹುಡುಗೂರು ಅಲ್ಲೇ ಛಲೋ ಸಾಲಿ ಕಲೀಲಿ. ಅವರವ್ವ ಅವರ ಕೂಡ ಇರ್ಲಿ. ನೀ ವರ್ಷಕ್ಕೊಮ್ಮಿ ಬಂದು ಹೋಗು.”

“ಖೋಲಿ ಯಾಕ ಬೇಕು?” ಅಂದಳು ಆಯಿ. “ಕೂಸುಗಳ್ನ ನನ್ನ ಹಂತ್ಯಾಕ ಬಿಡ್ರಿ. ಗಂಡ ಹೆಂಡ್ತಿ ಹೋಗಿ ದುಡಕೊಂಡು ಬರ್ರಿ.”

ಅಪ್ಪ ಇಬ್ಬರಿಗೂ ಹೂಂಗುಟ್ಟಿದ. ಅವನು ಹಾಗೆಯೇ, ಮಾತನಾಡಿದವರಿಗೆಲ್ಲ ಹೌದೆನ್ನುವವನು. ಒಳಗಿನ ಸಪ್ಪಳ ನಿಂತಿತು. ಅವ್ವ ಹಿಟ್ಟಿನ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದಳು. ಭಾವನ ಮುಂದೆ ಅವಳು ಎಂದೂ ತಲೆ ಎತ್ತಿ ಮಾತನಾಡಿದ್ದನ್ನು ನಾನು ನೋಡಿರಲಿಲ್ಲ. ಈಗಲೂ ಸೆರಗನ್ನು ತಲೆಯ ಮೇಲೆ ಎಳೆದುಕೊಂಡೇ ಅಂದಳು.

“ನಾನೂ ಹೋಗ್ತೀನಿ. ಮಕ್ಕಳೂ ಬರ್ತಾವು.”

“ನಿನ್ನ ಕೇಳಿದವ್ರು ಯಾರು?”

“ಯಾರೂ ಕೇಳಲಿಲ್ರಿ ಭಾವಾರ. ಅದಕ್ಕ ನಾನ ಹೇಳಿದೆ.”

ಆಯಿ ಎಲೆಗೆ ಸುಣ್ಣ ಹಚ್ಚುತ್ತ ಕೂತಳು. ಮಾರನೆಯ ದಿನವೇ ಅವಳು ಖಡಕ್ ರೊಟ್ಟಿ ಮಾಡಿಸಲು ಶುರು ಮಾಡಿದ್ದರಿಂದ ಒಪ್ಪಿದ್ದಾಳೆ ಎಂದು ನಮಗೆ ತಿಳಿಯಿತು. ಒಂದು ಟ್ರಂಕಿನ ತುಂಬ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಬಟ್ಟೆಗಳನ್ನು ಉಳಿದ ಜಾಗದಲ್ಲಿ ತುರುಕಿದೆವು.

ಅರುಷಾ ಮುಟ್ಟಿದಾಗ ಸಣ್ಣಗೆ ಮಳೆ ಬೀಳುತ್ತಿತ್ತು. ದೊಡ್ಡ ಗುಡ್ಡವೊಂದು ಅರ್ಧಕ್ಕೆ ಮೋಡ ಹೊದ್ದುಕೊಂಡು ಊರಿನ ಹಿಂದೆ ಕೂತಿತ್ತು. ಅಪ್ಪ ನಮಗಾಗಿ ಊರಿನ ನಡುವೆ, ಗುಜರಾತಿ ಅಂಗಡಿಗಳ ಓಣಿಯಲ್ಲಿ, ಒಂದು ಹಾರ್ಡ್‌ವೇರ್ ಅಂಗಡಿಯ ಮಾಳಿಗೆ ಮೇಲಿನ ಮನೆ ಹಿಡಿದಿದ್ದ. ಮೆಟ್ಟಿಲ ಬುಡದಲ್ಲಿ ಒಂದು ಕಬ್ಬಿಣದ ಜಾಲರಿ ಬಾಗಿಲು, ಮೆಟ್ಟಿಲ ತುದಿಯಲ್ಲಿ ಇನ್ನೊಂದು, ಕಿಟಕಿಗಳಿಗೆಲ್ಲ ಸರಳು. ಒಳಗೆ ಮಾತ್ರ ಅರಮನೆ ಎಂದು ನನಗನ್ನಿಸಿತು. ಅಪ್ಪ ಒಂದೊಂದೇ ಕೋಣೆಗೆ ಕರೆದುಕೊಂಡು ಹೋಗಿ ನಳ ತಿರುಗಿಸಿ ತೋರಿಸಿದ, ಸ್ವಿಚ್ಚು ಒತ್ತಿ ತೋರಿಸಿದ. ಹುಡುಗರ ಹಾಗೆ ಅವನ ಮುಖ ಅರಳಿತ್ತು.

“ನೋಡು, ಸಾಲಿ ಇಲ್ಲೇ ತಿರುವಿನ್ಯಾಗ. ಗುಡಿ ಅದರ ಬಾಜೂಕ. ನಮ್ಮ ಕಡೆ ಬ್ಯಾಳಿ, ಮಸಾಲಿ ಎಲ್ಲಾ ಈ ಓಣಿ ಅಂಗಡ್ಯಾಗ ಸಿಗ್ತಾವು. ಹೊರಗ ಹೋಗೂ ಪ್ರಸಂಗನ ಇಲ್ಲ.”

ಅವ್ವ ಹರಿಯುತ್ತಿದ್ದ ನಳದ ಕಡೆ ನೋಡುತ್ತ ಕೇಳಿದಳು.

“ಫಾರ್ಮು ಎಲ್ಲೈತ್ರಿ?”

“ಅದು ದೂರ. ಮಳಿಗಾಲದಾಗ ಎರಡು ತಾಸಿನ ಹಾದಿ. ನಾ ಅಲ್ಲೇ ಇರ್ತೀನಿ. ಶನಿವಾರ ಬರ್ತೀನಿ.”

ಅವ್ವ ಕೈ ಚಾಚಿ ನಳ ನಿಲ್ಲಿಸಿದಳು. ಅಷ್ಟೇ.

ಆ ಮನೆ ನನಗೆ ಕೊಟ್ಟದ್ದನ್ನು ನಾನು ಅಲ್ಲಗಳೆಯಲಾರೆ. ಬೇವೂರಿನಲ್ಲಿ ನನ್ನದು ಎನ್ನುವಂಥದು ಒಂದು ಚಾಪೆಯ ಅರ್ಧ ಮಾತ್ರ. ಇಲ್ಲಿ ಒಂದು ಕೋಣೆಗೆ ಬಾಗಿಲಿತ್ತು, ಆ ಬಾಗಿಲು ಹಾಕಿಕೊಂಡರೆ ಯಾರೂ ಬೈಯುತ್ತಿರಲಿಲ್ಲ. ಶಾಲೆಯಲ್ಲಿ ಗೋಡೆಯುದ್ದಕ್ಕೂ ಪುಸ್ತಕವಿದ್ದ ಕೋಣೆಯೊಂದಿತ್ತು. ಮೊದಲ ತಿಂಗಳು ಇಂಗ್ಲಿಷು ತಿಳಿಯದೆ ಅತ್ತೆ, ಎರಡನೆಯ ತಿಂಗಳು ಚಿತ್ರ ನೋಡಿದೆ, ಮೂರನೆಯ ತಿಂಗಳು ಓದಿದೆ. ಕೆಳಗೆ, ಅಂಗಡಿಯ ಹಿಂದಿನ ಮನೆಯಲ್ಲಿ ನಮ್ಮ ಮಾಲಕಿ ಹಂಸಾಬೆನ್ ಇದ್ದರು. ಗಂಡ ತೀರಿಹೋಗಿದ್ದ, ಮಕ್ಕಳು ಬೇರೆ ಊರು ಸೇರಿದ್ದರು. ಅವರು ಹುಟ್ಟಿದ್ದೇ ಅರುಷಾದಲ್ಲಿ. ಹಿಂದುಸ್ತಾನವನ್ನು ನೆಂಟರ ಊರು ನೋಡಿದ ಹಾಗೆ ನೋಡಿ ಬಂದವರು. ನನ್ನನ್ನು ಕೂರಿಸಿಕೊಂಡು ಪಾಠ ಓದಿಸುತ್ತಿದ್ದರು, ತಪ್ಪಾದರೆ ತಲೆಯ ಮೇಲೆ ಮೊಟಕಿ, ಸರಿಯಾದರೆ ಒಂದು ತುಂಡು ಢೋಕ್ಲಾ ಕೊಡುತ್ತಿದ್ದರು. ಅವ್ವನಿಗೂ ಅವರಿಗೂ ನಡುವೆ ಮುರುಕು ಹಿಂದಿ ಮತ್ತು ಕೈಸನ್ನೆ. ಇಬ್ಬರಿಗೂ ಪರಸ್ಪರ ಗೌರವವಿತ್ತು, ಮಾತಿರಲಿಲ್ಲ.

ಅವ್ವನ ಅಡುಗೆ ಬೆಳಗಿನ ಎಂಟಕ್ಕೆ ಮುಗಿಯುತ್ತಿತ್ತು. ಆಮೇಲೆ ಸಂಜೆಯವರೆಗೆ ಅವಳು ಏನು ಮಾಡುತ್ತಿದ್ದಳು ಎಂಬುದು ನಾನು ಜ್ವರ ಬಂದು ಶಾಲೆ ತಪ್ಪಿಸಿದ ದಿನ ಗೊತ್ತಾಯಿತು. ಒರೆಸಿದ ನೆಲವನ್ನೇ ಮತ್ತೊಮ್ಮೆ ಒರೆಸಿದಳು. ಮಡಿಚಿದ ಸೀರೆಗಳನ್ನು ಬಿಚ್ಚಿ ಮತ್ತೆ ಮಡಿಚಿದಳು. ಬಹಳ ಹೊತ್ತು ಕಿಟಕಿಯ ಸರಳು ಹಿಡಿದು ರಸ್ತೆ ನೋಡುತ್ತ ನಿಂತಳು. ತಲೆಯ ಮೇಲೆ ಬಾಳೆಗೊನೆ ಹೊತ್ತ ಹೆಂಗಸರು ನಗುತ್ತ ಹೋಗುತ್ತಿದ್ದರು. ಅವರಲ್ಲಿ ಒಬ್ಬಳು ಮೇಲೆ ನೋಡಿ ಏನೋ ಕೂಗಿದಳು. ಅವ್ವ ಕೈ ಎತ್ತಿದಳು, ಏನು ಹೇಳಬೇಕೆಂದು ತಿಳಿಯದೆ ಇಳಿಸಿದಳು. ಬೇವೂರಿನಲ್ಲಿ ಒಂದು ಗಳಿಗೆ ಒಬ್ಬಳೇ ಇರಲು ಹಂಬಲಿಸಿದವಳಿಗೆ ಇಲ್ಲಿ ಅಂಥ ಗಳಿಗೆಗಳು ಮುಗಿಯದಷ್ಟು ಸಿಕ್ಕಿದ್ದವು.

ಒಂದು ಭಾನುವಾರ ಅಪ್ಪ ಕಂಪನಿಯ ಪಿಕಪ್ಪಿನಲ್ಲಿ ನಮ್ಮನ್ನು ತೋಟಕ್ಕೆ ಕರೆದುಕೊಂಡು ಹೋದ. ಅಲ್ಲಿ ಟೊಮ್ಯಾಟೊ ಸಾಲುಗಳಿದ್ದವು, ಅವುಗಳ ಆಚೆ ಕರೀ ಎರೆಮಣ್ಣು, ಮತ್ತೂ ಆಚೆ ಆನೆಗೊಂದಿಯ ಹೊಳೆದಂಡೆಯಲ್ಲಿರುವಂಥ ಒತ್ತಾದ ಬಾಳೆ. ಹಿಂದಿನ ಮ್ಯಾನೇಜರ್ ಬಿಟ್ಟುಹೋದ ಎರಡು ಕೋಣೆಯ ತಗಡಿನ ಮನೆಯೊಂದು ಖಾಲಿ ಬಿದ್ದಿತ್ತು. ಮುಂದೆ ಕಟ್ಟೆ, ಮಗ್ಗುಲಿಗೆ ನೀರಿನ ಟ್ಯಾಂಕು. ನಾವು ಬುತ್ತಿ ಬಿಚ್ಚಲು ಆ ಕಟ್ಟೆಯ ಮೇಲೆ ಕೂತೆವು. ಆಗ ತೋಟದ ಮೇಸ್ತ್ರಿಯ ಹೆಂಡತಿ ಬಾಳೆಹಣ್ಣು ತೆಗೆದುಕೊಂಡು ಬಂದಳು. ಆ ಕಡೆ ಹೆಂಗಸರನ್ನು ಅವರ ಹಿರಿಯ ಮಗುವಿನ ಹೆಸರಿನಿಂದ ಕರೆಯುತ್ತಾರೆ. ಅವಳು ನೀಮಾ ಎಂಬ ಹುಡುಗಿಯ ತಾಯಿ, ಮಾಮಾ ನೀಮಾ. ನನ್ನ ಹೆಸರು ಕೇಳಿದಳು. ರೇಣು ಅಂದೆ. ಅವಳು ಅವ್ವನ ಎರಡೂ ಕೈ ಹಿಡಿದು “ಮಾಮಾ ರೇಣು!” ಅಂದಳು. ಅವ್ವ ಬೆಚ್ಚಿ ನಕ್ಕಳು. ಬೇವೂರಿನಲ್ಲೂ ಅವಳನ್ನು ಎಲ್ಲರೂ ರೇಣೂನ ಅವ್ವ ಎಂದೇ ಕರೆಯುತ್ತಿದ್ದದ್ದು. ಊಟ ಮುಗಿದರೂ ಅವ್ವ ಏಳಲಿಲ್ಲ.

“ಇಲ್ಲೇ ಇರೂಣ್ರಿ,” ಅಂದಳು.

“ಇಲ್ಲೆ ಅಂದ್ರ?”

“ಇಲ್ಲೆ ಅಂದ್ರ ಇಲ್ಲೆ. ಈ ಮನಿ ಖಾಲಿ ಐತೆಲ್ಲ.”

ಅಪ್ಪ ನಕ್ಕ. “ತಗಡಿನ ಮನಿ ಇದು. ಹೊತ್ತು ಮುಳುಗಿದ್ರ ಗುಂಗಾಡು ಸೊಳ್ಳಿ ಕಡದು ಹಣ್ಣು ಮಾಡ್ತಾವು. ಸಾಲಿ ಇಲ್ಲ, ದವಾಖಾನಿ ಇಲ್ಲ. ನಮ್ಮೋರು ಅನ್ನೋರು ಒಬ್ರಿಲ್ಲ ಇಲ್ಲೆ.”

“ನೀವ್ ಅದೀರಲ್ಲ.”

ಅಪ್ಪನ ನಗು ನಿಂತಿತು. ಊರಿಗೆ ತಿರುಗಿದೆವು. ಮನೆ ಮುಟ್ಟಿ ಅನ್ನಕ್ಕೆ ಕೈ ಹಾಕಿದಾಗ ಅಪ್ಪನೇ ಶುರು ಮಾಡಿದ.

“ಈ ಮನಿ ಸಲುವಾಗಿ ಎಷ್ಟು ತಿರುಗೀನಿ ಗೊತ್ತೈತೇನು ನಿನಗ? ಇಂಥಾ ಜಾಗಾ ಸಿಗಂಗಿಲ್ಲ ಅಂತ ಎಲ್ಲಾರೂ ಹೇಳ್ತಾರ. ನಿನಗ ಏನು ಕಡಿಮಿ ಆಗೈತಿ ಇಲ್ಲೆ?”

“ಮನಿ ಛಲೋ ಐತ್ರಿ. ಯಾರು ಇಲ್ಲಂದ್ರು? ಬೇವೂರಾಗೂ ಶನಿವಾರ ಬರ್ತಿದ್ರಿ, ಇಲ್ಲೂ ಶನಿವಾರ ಬರ್ತೀರಿ. ಶನಿವಾರದ ಗಂಡನ ಸಲುವಾಗಿ ಸಮುದ್ರ ದಾಟಿ ಬರಬೇಕಾಗಿತ್ತೇನ್ರಿ?”

“ಮಕ್ಕಳ ಸಾಲಿ?”

ಶರಣು ಚಿಕ್ಕವನು, ತೋಟದ ಹತ್ತಿರದ ಹಳ್ಳಿಯ ಶಾಲೆಯಲ್ಲಿ ಒಂದೆರಡು ವರ್ಷ ಕಳೆದರೂ ನಡೆಯುತ್ತಿತ್ತು. ನನ್ನ ಮಾತು ಬೇರೆ. ಜಗಳ ವಾರಗಟ್ಟಲೆ ನಡೆಯಿತು. ಅದೆಲ್ಲ ಶನಿವಾರ ಭಾನುವಾರಗಳಲ್ಲೇ ಮುಗಿಯಬೇಕಾದ್ದರಿಂದ ಉಳಿದ ದಿನಗಳಲ್ಲಿ ಅವ್ವ ಅದನ್ನು ಒಬ್ಬಳೇ ಹೊತ್ತು ತಿರುಗುತ್ತಿದ್ದಳು. ಕೊನೆಗೆ ಹಂಸಾಬೆನ್ ನಡುವೆ ಬಂದರು. ಹುಡುಗಿ ನನ್ನ ಹತ್ತಿರ ಇರಲಿ, ಶಾಲೆ ಬಿಡಿಸಬೇಡಿ, ಶನಿವಾರಕ್ಕೊಮ್ಮೆ ಬಂದು ಕರೆದುಕೊಂಡು ಹೋಗಿ ಎಂದರು. ಅಪ್ಪ ನಿರಾಳವಾದ. ತಾಯಿಯಾದವಳು ಇದಕ್ಕೆ ಒಪ್ಪುವುದಿಲ್ಲ, ಇಲ್ಲಿಗೆ ಈ ಮಾತು ಮುಗಿಯಿತು ಎಂದು ಅವನ ಎಣಿಕೆ. ಅವ್ವ ನನ್ನನ್ನು ಅಡುಗೆಮನೆಗೆ ಕರೆದಳು. ಬಟ್ಟಲಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

“ರೇಣು, ನೀ ಏನಂತಿ?”

ನನ್ನ ಬದುಕಿನಲ್ಲಿ ಅಲ್ಲಿಯವರೆಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಊಟಕ್ಕೆ ಏನು ಬೇಕು ಎಂದೂ ಕೇಳಿದವರಿಲ್ಲ. ಅವಳು ಬೆಳ್ಳುಳ್ಳಿ ಕೆಳಗಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಯಾವ ಉತ್ತರ ಬೇಕು ಎಂದು ಹುಡುಕಿದೆ, ಅವಳ ಮುಖದಲ್ಲಿ ಅದು ಸಿಗಲಿಲ್ಲ. ಆಗ ನನಗೆ ಬೇಕಾದದ್ದನ್ನೇ ಹೇಳಿದೆ.

“ನಾ ಇಲ್ಲೇ ಇರ್ತೀನಿ. ಸಾಲಿ ಬಿಡಂಗಿಲ್ಲ.”

“ಆತು,” ಅಂದಳು ಅವ್ವ. ಬೆಳ್ಳುಳ್ಳಿಯ ಬಟ್ಟಲು ಎತ್ತಿಕೊಂಡು ಮತ್ತೊಮ್ಮೆ, ತನಗೇ ಎಂಬಂತೆ, “ಆತು.”

ಅಪ್ಪನಿಗೆ ನಂಬಲಾಗಲಿಲ್ಲ. ಮಗಳನ್ನು ಪರರ ಮನೆಯಲ್ಲಿ ಬಿಟ್ಟು ನೀನು ಹೊರಡುತ್ತೀಯಾ ಎಂದು ಕೇಳಿದ. ಅವ್ವ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

“ಆಕಿ ತನ್ನ ಮನಸಿನ ಮಾತು ಹೇಳ್ಯಾಳ. ನಾನೂ ನಂದು ಹೇಳೀನಿ. ಆಕೀದೂ ನಡೀಲಿ, ನಂದೂ ನಡೀಲಿ.”

ಹೀಗೆ ನಾವು ಎರಡು ಮನೆಯವರಾದೆವು. ನಾನು ಹಂಸಾಬೆನ್ ಮನೆಯಲ್ಲಿ, ಉಳಿದವರು ತೋಟದ ತಗಡಿನ ಮನೆಯಲ್ಲಿ. ಶನಿವಾರ ಮಧ್ಯಾಹ್ನ ಪಿಕಪ್ಪು ಬಂದು ನನ್ನನ್ನು ಕರೆದುಕೊಂಡು ಹೋಗುತ್ತಿತ್ತು. ಬರಬರುತ್ತ ಅವ್ವ ಬೇರೆಯೇ ಹೆಂಗಸಾದಳು. ಕಟ್ಟೆಯ ಮುಂದೆ ಮೆಂತೆ, ಹರಿವೆ ಹಾಕಿದಳು. ಬೆಳಗಿನ ಹೊತ್ತು ಮಾಮಾ ನೀಮಾಳ ಜೊತೆ ತೋಟಕ್ಕೆ ಹೋಗಿ ಹೂ ಕೂಡಿಸುವ ಕೆಲಸ ಮಾಡಿದಳು. ಅಪ್ಪನೂ ಅವಳೂ ಸಂಜೆ ಒಂದೇ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವುದನ್ನು ನಾನು ನನ್ನ ಜೀವನದಲ್ಲಿ ಮೊದಲ ಸಲ ಅಲ್ಲಿಯೇ ನೋಡಿದ್ದು. ಬೇವೂರಿನಲ್ಲಿ ಅವರಿಬ್ಬರು ಹಗಲಿನಲ್ಲಿ ಜೊತೆಯಾಗಿ ಕೂತ ನೆನಪೇ ನನಗಿಲ್ಲ. ಅಪ್ಪ ಏನೋ ಹೇಳುತ್ತಿದ್ದ, ಅವ್ವ ಅದು ಹಾಗಲ್ಲ ಎಂದು ತಲೆಯಾಡಿಸುತ್ತಿದ್ದಳು, ಅಪ್ಪ ಮತ್ತೆ ಹೇಳುತ್ತಿದ್ದ. ನಾನು ಒಳಗಿನಿಂದ ಅವರ ಬೆನ್ನುಗಳನ್ನು ನೋಡುತ್ತಿದ್ದೆ. ಸಂತೋಷವಾಗುತ್ತಿತ್ತು. ಜೊತೆಗೆ ಇನ್ನೇನೋ ಆಗುತ್ತಿತ್ತು, ಅದಕ್ಕೆ ಆಗ ಹೆಸರು ಗೊತ್ತಿರಲಿಲ್ಲ.

ಆಯಿ ಆಗಾಗ ಫೋನು ಮಾಡಿಸುತ್ತಿದ್ದಳು. ಸಮುದ್ರ ದಾಟಿ ಕೇಳಬೇಕೆಂದು ಪೂರ್ತಿ ಗಂಟಲು ಎತ್ತಿ ಕೂಗುತ್ತಿದ್ದಳು. ದೊಡ್ಡವ್ವನ ಸೊಸೆ ಬಸುರಿ, ಎಮ್ಮೆ ಈದಿದೆ ಎಂದೆಲ್ಲ ಹೇಳಿ ಕಡೆಗೆ ಕೇಳುವಳು.

“ರೇಣು ಎಲ್ಲ್ಯದಾಳ?”

“ಊರಾಗ ಅದಾಳ, ಸಾಲಿ ಐತಿ,” ಅನ್ನುವಳು ಅವ್ವ.

“ಮತ್ತ ನೀವು ಎಲ್ಲ್ಯದೀರಿ?”

ಅವ್ವ ಮಾತು ಬದಲಿಸುತ್ತಿದ್ದಳು.

ದೊಡ್ಡ ಮಳೆಯಲ್ಲಿ ಶರಣೂಗೆ ಮಲೇರಿಯಾ ಬಂತು. ರಸ್ತೆಯೆಲ್ಲ ಕೆಸರು. ಪಿಕಪ್ಪು ಹೂತು, ಟ್ರ್ಯಾಕ್ಟರಿನಿಂದ ಎಳೆಸಿ, ಅವನನ್ನು ಊರಿನ ದವಾಖಾನೆಗೆ ತಂದರು. ನಾಲ್ಕೈದು ದಿನಕ್ಕೆ ಎದ್ದು ಕೂತ. ಅಪ್ಪ ಹಾಸಿಗೆಯ ಪಕ್ಕದಲ್ಲೇ ಹೇಳಿದ, ಇನ್ನು ಸಾಕು, ಎಲ್ಲರೂ ಅರುಷಾಕ್ಕೆ ಬನ್ನಿ ಎಂದು. ಅವ್ವ ಬಿಳಿಚಿಕೊಂಡಿದ್ದಳು. ಆದರೂ ಇಲ್ಲವೆಂದಳು. ಸೊಳ್ಳೆ ಪರದೆ ಕಟ್ಟುತ್ತೇನೆ, ಟ್ಯಾಂಕಿನ ಸುತ್ತ ನಿಂತ ನೀರು ತೆಗೆಸುತ್ತೇನೆ, ಗುಳಿಗೆ ಮನೆಯಲ್ಲೇ ಇಡುತ್ತೇನೆ ಎಂದಳು. ಹಾಗೆಯೇ ಮಾಡಿದಳು ಕೂಡ. ಇಷ್ಟು ಗಟ್ಟಿ ಹೆಂಗಸು ಮುಂದೆ ಯಾವುದಕ್ಕೆ ಸೋತಳು ಎಂಬುದು ಅಪ್ಪನಿಗೆ ಬಹಳ ದಿನ ಒಗಟಾಗಿಯೇ ಉಳಿಯಿತು.

ಅದು ಒಂದು ಶನಿವಾರ. ಅವ್ವ ನಾನು ಬರುತ್ತೇನೆಂದು ಸಂತೆಯಿಂದ ಜೋಳ ತರಿಸಿ, ಬೀಸಿಸಿ, ರೊಟ್ಟಿ ಬಡಿಯುತ್ತಿದ್ದಳು. ನಾನು ಬಂದಾಗಲೆಲ್ಲ ಹೀಗೆ ವಿಶೇಷ ಅಡುಗೆ, ಒಳ್ಳೆಯ ತಾಟು ನನಗೆ, ಮೊದಲ ರೊಟ್ಟಿ ನನಗೆ. ಶರಣು ಹೊರಗೆ ಮಾಮಾ ನೀಮಾಳ ಮಕ್ಕಳ ಜೊತೆ ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಜಗಳವಾಡಿ ಆಗತಾನೆ ಒಳಗೆ ಬಂದಿದ್ದ. ನಾನು ಪಲ್ಯ ಬಾಯಿಗಿಟ್ಟು, ಉಪ್ಪು ಕಡಿಮೆಯೆನಿಸಿ, ಅತ್ತಿತ್ತ ನೋಡಿ ಕೇಳಿದೆ.

“ಯವ್ವಾ, ನಿಮ್ಮನ್ಯಾಗ ಉಪ್ಪು ಎಲ್ಲಿಟ್ಟೀರಿ?”

ಶರಣು ಬಿದ್ದು ಬಿದ್ದು ನಕ್ಕ. “ನಿಮ್ಮನಿ ಅಂತಬೇ! ಬೀಗರು ಬಂದಾರ ನೋಡು!”

ನಾನೂ ನಕ್ಕೆ. ಅವ್ವ ನಗಲಿಲ್ಲ. ಅವಳ ಕೈಯಲ್ಲಿದ್ದ ರೊಟ್ಟಿ ಹಂಚಿಗೆ ಬೀಳುವಾಗ ಅಂಚು ಮಡಚಿಕೊಂಡಿತು. ಎದ್ದು ಹೋಗಿ ಉಪ್ಪಿನ ಡಬ್ಬಿ ತಂದು ನನ್ನ ತಾಟಿನ ಪಕ್ಕದಲ್ಲಿಟ್ಟಳು. ಆಮೇಲೆ ನನ್ನ ಜಡೆ ಬಿಚ್ಚಿ ಹೊಸದಾಗಿ ಹೆಣೆದಳು. ನಾನಾಗಲೇ ನನ್ನ ಜಡೆ ನಾನೇ ಹಾಕಿಕೊಳ್ಳಲು ಕಲಿತಿದ್ದೆ, ಆ ದಿನ ಅದು ನೆಟ್ಟಗೇ ಇತ್ತು. ಅಪ್ಪ ತೋಟದಿಂದ ಬಂದು ಕಾಲು ತೊಳೆಯುತ್ತಿದ್ದಾಗ ಅವನ ಕೈಗೆ ಟವೆಲು ಕೊಟ್ಟು ಅಂದಳು.

“ಮನಿ ಬದಲಿ ಮಾಡೂಣ್ರಿ.”

“ಜ್ವರ ಬಂದಾಗ ಬಡಕೊಂಡೆ, ಕೇಳಲಿಲ್ಲ ನೀ. ಈಗೇನಾತು?”

“ಜ್ವರಕ್ಕ ಗುಳಿಗಿ ಅದಾವ್ರಿ,” ಅಂದಳು ಅವ್ವ. “ಇದಕ್ಕ ಇಲ್ಲ.”

ಇದಕ್ಕೆ ಅಂದರೆ ಯಾವುದಕ್ಕೆ ಎಂದು ಅಪ್ಪ ಕೇಳಿದ. ಅವಳು ಟವೆಲು ತಿರುಗಿ ಇಸಿದುಕೊಂಡಳು. ನಾನು ಒಳಗಿದ್ದೆ, ನನಗೆ ಗೊತ್ತಾಯಿತು. ಹಾಗಂತ ಅವಳು ಊರಿನ ಆ ಸರಳಿನ ಮನೆಗೆ ತಿರುಗಿ ಹೋಗಲು ಸಿದ್ಧಳಿರಲಿಲ್ಲ. ಅದೂ ಬೇಡ, ಇದೂ ಬೇಡ, ನಡುವೆ ಒಂದು ಊರಿಲ್ಲವೇ ಎಂದು ಕೇಳಿದಳು. ಇತ್ತು. ಅರುಷಾದ ಡಾಂಬರು ರಸ್ತೆಯಿಂದ ತೋಟದ ಮಣ್ಣು ರಸ್ತೆ ಒಡೆಯುವ ಕಡೆ ಒಂದು ಸಣ್ಣ ಊರು. ವಾರದ ಸಂತೆ, ಒಂದು ದವಾಖಾನೆ, ಒಂದು ಪೆಟ್ರೋಲ್ ಬಂಕು. ನಾವು ವಾರವಾರವೂ ದಾಟಿ ಹೋಗುತ್ತಿದ್ದ ಊರೇ ಅದು. ಅಲ್ಲಿ ಇಳಿಯಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ.

ಮುಂದಿನ ಭಾನುವಾರಗಳಲ್ಲಿ ನಾವು ನಾಲ್ವರೂ ಆ ಊರಿನ ಓಣಿಗಳಲ್ಲಿ ತಿರುಗಿದೆವು. ನನ್ನ ಬಾಲ್ಯದ ಸುಖದ ದಿನಗಳು ಯಾವುವು ಎಂದರೆ ನಾನು ಅವನ್ನೇ ಹೇಳುತ್ತೇನೆ. ಒಂದು ಮನೆ ನೋಡಲು ಚಂದ, ಆದರೆ ಮಗ್ಗುಲಿಗೇ ಸಾರಾಯಿ ಅಂಗಡಿ. ಇನ್ನೊಂದರ ಮಾಲೀಕ ಅಡುಗೆಯ ಒಗ್ಗರಣೆ ವಾಸನೆ ಗೋಡೆಗೆ ಹತ್ತುತ್ತದೆ ಎಂದು ಮುಖ ಸಿಂಡರಿಸಿದ. ಒಂದರಲ್ಲಿ ನೀರಿತ್ತು, ಬೆಳಕಿರಲಿಲ್ಲ. ಒಂದರಲ್ಲಿ ಶರಣು ಮಾವಿನ ಮರ ನೋಡಿ ಇದೇ ಬೇಕೆಂದು ಹಟ ಹಿಡಿದ, ಅಪ್ಪ ಮಾಡಿನ ಗೆದ್ದಲು ತೋರಿಸಿದ. ಪ್ರತಿ ಮನೆಯಲ್ಲೂ ಅವ್ವ ಒಳಗೆ ಒಂದು ಸುತ್ತು ಬಂದು ಬಾಗಿಲಲ್ಲಿ ನಿಲ್ಲುವಳು, ತೋಟದ ರಸ್ತೆ ಯಾವ ಕಡೆ, ಅರುಷಾದ ರಸ್ತೆ ಯಾವ ಕಡೆ ಎಂದು ಅಪ್ಪನನ್ನು ಕೇಳುವಳು. ನಡೆದು ಸುಸ್ತಾದಾಗ ಸಂತೆಯ ಅಂಚಿನಲ್ಲಿ ಸುಟ್ಟ ಗೋವಿನಜೋಳದ ತೆನೆ ತಿನ್ನುತ್ತ ನೋಡಿದ ಮನೆಗಳ ಬಗ್ಗೆ ಜಗಳವಾಡುತ್ತಿದ್ದೆವು. ನನ್ನ ಮಾತನ್ನೂ ಶರಣೂನ ಮಾತನ್ನೂ ಅಪ್ಪ ಸುಮ್ಮನೆ ಹೌದೆಂದು ತಲೆಯಾಡಿಸದೆ ಪೂರ್ತಿ ಕೇಳಿಸಿಕೊಳ್ಳುತ್ತಿದ್ದ.

ಕೊನೆಗೆ ಸಿಕ್ಕ ಮನೆ ಹಿಟ್ಟಿನ ಗಿರಣಿಗೆ ಹತ್ತಿಕೊಂಡೇ ಇತ್ತು. ಗಿರಣಿಯ ಯಜಮಾನ ಎಲಿಯಾ ಎಂಬ ಮುದುಕ, ಹುಬ್ಬಿನ ತುಂಬ ಹಿಟ್ಟು. ಗಿರಣಿ ನಡೆಯುವಾಗ ಗೋಡೆಗಳೇ ಗುಂಯ್‌ಗುಡುತ್ತಿದ್ದವು, ಕಿಟಕಿಯ ದಂಡೆಗಳ ಮೇಲೆ ಬೆಳ್ಳಗೆ ಪುಡಿ ಕೂತಿತ್ತು. ಅಪ್ಪ ಕಿವಿಯ ಮೇಲೆ ಕೈ ಇಟ್ಟು ಬೇಡವೆಂದು ಸನ್ನೆ ಮಾಡಿದ. ನಾನು ಕೂಡ ಮುಖ ಸೊಟ್ಟ ಮಾಡಿದೆ, ಈ ಗದ್ದಲದಲ್ಲಿ ಓದುವುದು ಹೇಗೆ? ಅವ್ವ ಬಾಗಿಲಲ್ಲಿ ನಿಂತಿದ್ದಳು. ಎಡಕ್ಕೆ ನೋಡಿದರೆ ತೋಟದ ಮಣ್ಣು ರಸ್ತೆ, ಬಲಕ್ಕೆ ನೋಡಿದರೆ ಅರುಷಾದ ಡಾಂಬರು ರಸ್ತೆ. ಶಾಲೆಯ ಬಸ್ಸು ಪೆಟ್ರೋಲ್ ಬಂಕಿನ ಮುಂದೆ ನಿಲ್ಲುತ್ತದೆ ಎಂದು ಮುದುಕ ಹೇಳಿದ. ಅಪ್ಪನಿಗೆ ತೋಟಕ್ಕೆ ಮೋಟಾರ್ ಸೈಕಲ್ಲಿನಲ್ಲಿ ಮುಕ್ಕಾಲು ತಾಸು. ಮುದುಕ ಬಾಡಿಗೆಯ ಮಾತು ಎತ್ತಿ ಅಪ್ಪನ ಕಡೆ ನೋಡಿದ. ಅಪ್ಪ ಅವ್ವನ ಕಡೆ ನೋಡಿದ. ಅವ್ವ ತನಗೆ ಬರುತ್ತಿದ್ದ ನಾಲ್ಕು ಸ್ವಾಹಿಲಿ ಮಾತಿನಲ್ಲಿ ಮುದುಕನಿಗೆ ಗಿರಣಿ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ಕೇಳಿದಳು. ಸಂಜೆ ಐದಕ್ಕೆ ಎಂದ.

“ಐದರ ಮ್ಯಾಲೆ ಓದು,” ಅಂದಳು ನನಗೆ. ಅಪ್ಪನಿಗೆ, “ಐದರ ಮ್ಯಾಲೆ ಬರ್ರಿ.” ಅಲ್ಲಿಗೆ ಮನೆ ನಮ್ಮದಾಯಿತು.

ಆ ಮನೆಯಲ್ಲಿ ನಾವು ಏಳು ವರ್ಷ ಇದ್ದೆವು. ಅದರ ಗದ್ದಲಕ್ಕೆ ಕೊನೆಯವರೆಗೂ ನಾವು ಹೊಂದಿಕೊಳ್ಳಲಿಲ್ಲ. ಸರಿಯಾದ ಮನೆ ಎಂಬುದು ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ ಎಂದು ನಂಬುವವರನ್ನು ಕಂಡರೆ ನನಗೀಗ ಆಶ್ಚರ್ಯ. ಅಪ್ಪ ಹಿಡಿದ ಮನೆಯಲ್ಲಿ ಎಲ್ಲವೂ ಇತ್ತು, ಅಪ್ಪ ಇರಲಿಲ್ಲ. ಅವ್ವ ಹಿಡಿದದ್ದರಲ್ಲಿ ನಾನಿರಲಿಲ್ಲ. ಮೂರರಲ್ಲೂ ಆಯಿ ಇರಲಿಲ್ಲ. ದೇಶ ಬಿಟ್ಟು ಬಂದವರು ಯಾರೋ ಒಬ್ಬರನ್ನು ಬಿಟ್ಟೇ ಬಂದಿರುತ್ತಾರೆ, ಇನ್ನೊಬ್ಬರನ್ನು ಬಿಡದೆ ಇರುವುದಷ್ಟೇ ಅವರ ಕೈಯಲ್ಲಿರುತ್ತದೆ. ಅವ್ವ ಇದನ್ನು ಹೀಗೆ ಮಾತಿನಲ್ಲಿ ಹೇಳಿದವಳಲ್ಲ. ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಆತು ಅಂದವಳು.

ನಾನು ಹಂಸಾಬೆನ್‌ಗೆ ಕಾಲು ಮುಟ್ಟಿ ನಮಸ್ಕರಿಸಿ, ಅವರು ಕೊಟ್ಟ ಪುಸ್ತಕಗಳ ಗಂಟು ಹಿಡಿದು, ಆ ಗಿರಣಿಯ ಮನೆಗೆ ಬಂದ ಸಂಜೆ ಸಾಮಾನುಗಳಿನ್ನೂ ನೆಲದ ಮೇಲೆಯೇ ಇದ್ದವು. ಗಿರಣಿ ನಿಂತಿತ್ತು. ಅವ್ವ ನನ್ನ ಯೂನಿಫಾರ್ಮನ್ನು ಮೊಳೆಗೆ ತೂಗುಹಾಕುತ್ತ, ಬೆನ್ನು ಮಾಡಿಕೊಂಡೇ ಕೇಳಿದಳು.

“ಅಲ್ಲೆ ಮುಂಜಾನಿ ನಿನ್ನ ಯಾರು ಎಬ್ಬಿಸ್ತಿದ್ರು?”

“ಯಾರೂ ಇಲ್ಲ. ನಾನ ಏಳ್ತಿದ್ದೆ.”

ಅವ್ವ ಯೂನಿಫಾರ್ಮಿನ ತೋಳು ಸರಿಮಾಡಿದಳು, ಮತ್ತೊಮ್ಮೆ ಸರಿಮಾಡಿದಳು.

“ಇನ್ನ ಮ್ಯಾಲೆ ನೀನ ಏಳಬ್ಯಾಡ,” ಅಂದಳು. “ನಾ ಎಬ್ಬಿಸ್ತೀನಿ.”

ಮರುದಿನ ರೂಢಿಯಂತೆ ಕತ್ತಲಿರುವಾಗಲೇ ನನಗೆ ಎಚ್ಚರವಾಯಿತು. ಅಡುಗೆಮನೆಯಲ್ಲಿ ಸ್ಟೋವ್ ಹೊತ್ತಿದ ಸಪ್ಪಳ, ಅಪ್ಪ ಬಾಯಿ ಮುಕ್ಕಳಿಸುವ ಸಪ್ಪಳ ಕೇಳಿಸುತ್ತಿತ್ತು. ನಾನು ಅಲುಗಾಡದೆ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಅವಳು ಬಂದು ಎಬ್ಬಿಸುವವರೆಗೆ ಮಲಗಿದ್ದೆ.